ನೀವು ನೋಡಿದ್ದು ಯಾವ ಪ್ರತಿ?



ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಈ ವಿಚಾರಸಂಕಿರಣದಲ್ಲಿ ಎರಡು ದಿನ ಜಗಳವಾಡಲೆಂದೇ ಎತ್ತಿಕೊಂಡಿದ್ದೀರಿ, ಸಂತೋಷ. ಪಟ್ಟಿಯೊಳಗಿನ ಗಂಡಸುತನದ ಬಗ್ಗೆ ಮಧ್ಯಾಹ್ನ ಮಾತಾಡಲಿರುವ ಮೇಡಂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಪ್ರೇಕ್ಷಕರ ಅಧ್ಯಯನಕ್ಕೆ ಧಾರವಾಡದಿಂದ ಬಂದ ಗೆಳೆಯರಿದ್ದಾರೆ. ಅವರ ಹೊಲಕ್ಕೆ ನಾನು ಕಾಲಿಡುವುದಿಲ್ಲ. ನನ್ನದು ಹಳೇ ರಾಗ, ಕೇಳಿದವರು ಕ್ಷಮಿಸಬೇಕು.

ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಎಣಿಸುತ್ತಿದೆ. ಮೊದಲ ಸಲ ಗೆದ್ದದ್ದು 'ಬೈಸಿಕಲ್ ಥೀವ್ಸ್'. ಆಮೇಲೆ 2002ರವರೆಗೆ 'ಸಿಟಿಜನ್ ಕೇನ್' ಕುರ್ಚಿ ಬಿಟ್ಟು ಏಳಲಿಲ್ಲ. 2012ರಲ್ಲಿ 'ವರ್ಟಿಗೋ', 2022ರಲ್ಲಿ ಶಾಂತಾಲ್ ಅಕರ್‌ಮನ್ ಅವರ 'ಜಾನ್ ಡೀಲ್ಮನ್'. ಹೆಂಗಸೊಬ್ಬಳು ಆಲೂಗೆಡ್ಡೆ ಸುಲಿಯುವುದನ್ನೂ ಹಾಸಿಗೆ ಸರಿಮಾಡುವುದನ್ನೂ ಮೂರು ಗಂಟೆಗೂ ಮೀರಿ ತೋರಿಸುವ ಚಿತ್ರ ಅದು. ಗಲಾಟೆಯಾಯಿತು. ಮತದಾರರು 846ರಿಂದ 1,639ಕ್ಕೆ ಏರಿದ್ದರು. ಪಾಲ್ ಶ್ರೇಡರ್ ಅಂಥ ನಿರ್ದೇಶಕರೇ ತಕರಾರು ತೆಗೆದರು. ಒಂದು ಪಾಳಯ ಹೊಸ ಮತದಾರರನ್ನು ಬೈಯಿತು, ಇನ್ನೊಂದು ಹಳಬರನ್ನು. ಯಾರು ಮತ ಹಾಕಿದರು ಎಂಬುದಕ್ಕೇ ಕಿತ್ತಾಟ. ಏನನ್ನು ನೋಡಿ ಹಾಕಿದರು ಎಂದು ಕೇಳಿದವರನ್ನು ನಾನು ಕಾಣೆ.

ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಇಲ್ಲೇ. ಸಿನಿಮಾವನ್ನು ನಾವು ಅಚ್ಚಾದ ಪುಸ್ತಕದಂತೆ ಓದಲು ಕಲಿತೆವು; ಪ್ರಿಂಟಿನ ಯೋಚನೆಯನ್ನು ಉಗ್ರಾಣದವರಿಗೆ ಬಿಟ್ಟೆವು. 'ವರ್ಟಿಗೋ' ಅದರ ನಿರ್ದೇಶಕ ಹಿಚ್‌ಕಾಕ್ ಹಿಡಿತದಲ್ಲೇ ವರ್ಷಗಟ್ಟಲೆ ಹೊರಗೆ ಬಾರದೆ ಉಳಿದಿತ್ತು. 1980ರ ದಶಕದಲ್ಲಿ ಮತ್ತೆ ತೆರೆಗೆ ಬಂತು, 1996ರಲ್ಲಿ ದುರಸ್ತಿಯಾಯಿತು. ಪಟ್ಟಿಯಲ್ಲಿ ಅದು 1992ರಲ್ಲಿ ನಾಲ್ಕನೆಯದು, 2002ರಲ್ಲಿ ಎರಡನೆಯದು, ಆಮೇಲೆ ಮೊದಲನೆಯದು. ಮರುಬಿಡುಗಡೆಗೆ ಮುಂಚೆ, 1982ರಲ್ಲೇ ಅದು ಮೊದಲ ಹತ್ತರಲ್ಲಿ ಇತ್ತಲ್ಲ ಎಂದು ನೀವು ಅಡ್ಡ ಹಾಕಬಹುದು. ಹಾಕಿ. ಹಿಂದೆ ಕಂಡವರ ನೆನಪಿನ ಬಲ ಅದು ಎಂದು ನನ್ನ ಊಹೆ. 2022ರ ನೂರರ ಪಟ್ಟಿಯಲ್ಲಿರುವ ಒಂದೇ ಒಂದು ಭಾರತೀಯ ಚಿತ್ರ 'ಪಥೇರ್ ಪಾಂಚಾಲಿ', 35ನೇ ಸ್ಥಾನ. ಅದರ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿತ್ತು. ಸುಟ್ಟುಳಿದದ್ದನ್ನೂ ಬೇರೆ ಪ್ರತಿಗಳನ್ನೂ ಸೇರಿಸಿ ಕಟ್ಟಿದ ರೂಪ 2015ರಲ್ಲಿ ಹೊರಬಂತು. ಸತ್ಯಜಿತ್ ರೇ ಅವರ ಚಿತ್ರಕ್ಕೆ ಅಂಥ ದುಡ್ಡೂ ಆಸ್ಥೆಯೂ ಒದಗಿತು. ಎಲ್ಲರಿಗೂ ಒದಗುತ್ತದೆಯೇ?

ನಮ್ಮೂರ ಟೂರಿಂಗ್ ಟಾಕೀಸಿನ ಆಪರೇಟರನ್ನು ಇಲ್ಲಿ ನೆನೆಯಬೇಕು. ರೀಲು ತುಂಡಾದರೆ ಬ್ಲೇಡಿನಿಂದ ಎರಡೂ ತುದಿ ಕೆರೆದು, ಸಣ್ಣ ಬ್ರಷ್ಷಿನಲ್ಲಿ ಸಿಮೆಂಟ್ ಸವರಿ, ಬೆರಳಿನಲ್ಲಿ ಅದುಮಿ ಹಿಡಿಯುತ್ತಿದ್ದರು. ಕ್ಯಾಬಿನ್ ತುಂಬ ಘಾಟು. ಪ್ರತಿ ಜೋಡಣೆಗೂ ಒಂದೆರಡು ಫ್ರೇಮು ಖೋತಾ. ಎರಡನೇ ಆಟದವರಿಗೆ ಕೊನೆಯ ಬಸ್ಸು ತಪ್ಪಬಾರದೆಂದು ಯುಗಳಗೀತೆಯನ್ನೇ ಎತ್ತಿಡುತ್ತಿದ್ದರು. ಮೊದಲನೇ ಆಟ ನೋಡಿದವರೂ ಎರಡನೇ ಆಟ ನೋಡಿದವರೂ ಮಾರನೆಯ ದಿನ ಹೋಟೆಲಿನಲ್ಲಿ ಒಂದೇ ಚಿತ್ರದ ಬಗ್ಗೆ ವಾದಿಸುತ್ತಿದ್ದರು. ವಿಶ್ವವಿದ್ಯಾಲಯದ ವಾದಗಳೂ ಅದಕ್ಕಿಂತ ಬಹಳ ದೂರ ಹೋಗಿಲ್ಲ, ಬಿಡಿ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಕನ್ನಡದ ಮೊದಲ ಟಾಕಿ, ವೈ.ವಿ. ರಾವ್ ಅವರ 'ಸತಿ ಸುಲೋಚನಾ' 1934ರಲ್ಲಿ ಬಂತು. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ. ಪ್ರಿಂಟು ಉಳಿದಿಲ್ಲ. ದೇಶದ ಮೊದಲ ಟಾಕಿ 'ಆಲಂ ಆರಾ'ದ್ದೂ ಅದೇ ಗತಿ. ಬೆಳ್ಳಿ ತೆಗೆಯಲು ಹಳೆಯ ಪ್ರಿಂಟುಗಳನ್ನು ತೂಕಕ್ಕೆ ಮಾರಿದ ಕಾಲ ಅದು. ಯಾವ ಪಟ್ಟಿಗಾದರೂ ಇವು ಸೇರುವವೇ? ನೋಡದೆ ಹೇಗೆ ಸೇರಿಸುವುದು ಎನ್ನುತ್ತೀರಿ. ಸಾಹಿತ್ಯದವರು ಹಾಗೆನ್ನಲಿಲ್ಲ. 'ಕವಿರಾಜಮಾರ್ಗ' ಹೆಸರಿಸಿದ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಇವರ ಕೃತಿಗಳು ನಮಗೆ ಸಿಕ್ಕಿಲ್ಲ. ಆದರೂ ಅವರನ್ನು ಬಿಟ್ಟು ಕನ್ನಡ ಸಾಹಿತ್ಯ ಚರಿತ್ರೆ ಬರೆದವರಿಲ್ಲ. ರನ್ನನ 'ಪರಶುರಾಮ ಚರಿತ' ಕಳೆದುಹೋಯಿತೆಂದು ಪ್ರತಿ ವಿದ್ಯಾರ್ಥಿಗೂ ಗೊತ್ತು. ಕಳೆದದ್ದಕ್ಕೂ ಚರಿತ್ರೆಯಲ್ಲಿ ಒಂದು ಮಣೆ ಹಾಕಿಟ್ಟಿದ್ದಾರೆ. ನಾವು ಯಾಕೆ ಹಾಕಲಿಲ್ಲ?

ಕೇಳಿದ ಮಾತಿನ ಮೇಲೆ ಶ್ರೇಷ್ಠತೆ ನಿರ್ಧರಿಸಲಾದೀತೇ ಎಂದು ಎದುರಿಗೆ ಕೂತಿರುವ ನಮ್ಮ ಹಳೆಯ ಸಂಪಾದಕರು ಹಿಂದೊಮ್ಮೆ ಗದರಿದ್ದರು. ಅವರಿಗೆ ಕೊಡುವ ಉತ್ತರ ಇನ್ನೂ ನನ್ನ ಬಳಿ ಇಲ್ಲ. ಅವರಿಗೇ ತಿರುಗಿ ಒಂದು ಪ್ರಶ್ನೆ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು, ಸ್ವರ್ಣಕಮಲ ಪಡೆದದ್ದು. ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ದುರಸ್ತಿಗೊಂಡು 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನ ಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣವನ್ನು ಮಸುಕು ಕಾಪಿಗಳಲ್ಲಷ್ಟೇ ಕಂಡವರಿಗೆ ಈಗ ಹೊಸ ಪ್ರತಿ ಇದೆ. 2032ರ ಪಟ್ಟಿಗೆ ಅದು ಸೇರಿತು ಅನ್ನಿ. ಚಿತ್ರ ದೊಡ್ಡದಾದದ್ದು 1977ರಲ್ಲೋ, 2024ರಲ್ಲೋ? 1977ರಲ್ಲೇ ಬಂದು, ಯಾವುದೋ ಗೋದಾಮಿನಲ್ಲಿ ವಿನೆಗರ್ ವಾಸನೆ ಹೊಡೆಯುತ್ತ ಕೊಳೆಯುತ್ತಿರುವ ಚಿತ್ರ ಅದಕ್ಕಿಂತ ಚಿಕ್ಕದೇ?

ನಾಳೆ ಸಂಜೆ ನೀವೆಲ್ಲ ಸೇರಿ ಕನ್ನಡದ ಹತ್ತು ಚಿತ್ರಗಳ ಪಟ್ಟಿ ಮಾಡುತ್ತೀರಂತೆ. ಮಾಡಿ, ನಾನೂ ಮತ ಹಾಕುತ್ತೇನೆ. ಪ್ರತಿ ಹೆಸರಿನ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ನೋಡಿದ್ದು ಎಲ್ಲಿ, ಥಿಯೇಟರೋ, ಟೀವಿಯೋ, ಫೋನೋ, ಎಷ್ಟು ನಿಮಿಷದ ಪ್ರತಿ. ಕಡೆಯ ಒಂದು ಸಾಲನ್ನು ಹೆಸರು ಬರೆಯದೆ ಬಿಡಿ. ಅದಕ್ಕೆ ಸಂಪಾದಕರು ಒಪ್ಪುವುದಿಲ್ಲ, ಗೊತ್ತು. ಚರ್ಚೆಯನ್ನು ಅವರಿಂದಲೇ ಶುರುಮಾಡೋಣ.