ಕಾಣದ ಕಣದ ಹೆಜ್ಜೆಗುರುತು
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೋದ ಸಭೆಯಲ್ಲಿ ಹೋಟೆಲಿನ ಮಿತ್ರರೊಬ್ಬರು ಕೇಳಿದರು: “ಪರಮಾಣುವಿನ ಒಳಗಿನ ಕಣವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಇದೆಯೆಂದು ನಂಬಿರಿ ಎಂದರೆ ಹೇಗೆ ಸ್ವಾಮಿ?” ನ್ಯಾಯವಾದ ಪ್ರಶ್ನೆ. ಅಂದು ನಾವು ತಡವರಿಸಿದೆವು; ಇಂದು ಆ ಬಾಕಿ ತೀರಿಸುತ್ತೇವೆ.

ಕುದಿಯುವ ಕೆಟಲಿನ ಮೂತಿಯನ್ನು ನೋಡಿ. ಮೂತಿಯ ಹತ್ತಿರ ಏನೂ ಕಾಣುವುದಿಲ್ಲ. ತುಸು ಆಚೆಗೆ ಬಿಳಿ ಹಬೆ. ನಿಜವಾದ ಉಗಿ ಇರುವುದು ಆ ಕಾಣದ ಜಾಗದಲ್ಲಿಯೇ. ಕೈ ಸುಟ್ಟುಕೊಂಡವರಿಗೆ ಇದನ್ನು ಹೇಳಬೇಕಾಗಿಲ್ಲ! ಬಿಳಿಯಾಗಿ ಕಾಣುವುದು ಉಗಿ ತಣಿದು ಕಟ್ಟಿದ ಹನಿ. ಹನಿ ಕಟ್ಟಲು ಒಂದು ಆಸರೆ ಬೇಕು. ಸಾಮಾನ್ಯವಾಗಿ ಗಾಳಿಯ ಧೂಳೇ ಅದಕ್ಕೆ ಆಸರೆ.

ಸ್ಕಾಟ್ಲೆಂಡಿನ ರೈತನ ಮಗ ಸಿ. ಟಿ. ಆರ್. ವಿಲ್ಸನ್ನರು 1894ರಲ್ಲಿ ಬೆನ್ ನೆವಿಸ್ ಬೆಟ್ಟದ ಮೇಲೆ ಎರಡು ವಾರವಿದ್ದು ಮೋಡಗಳಿಗೆ ಮನಸೋತರು. ಕೇಂಬ್ರಿಜ್‌ಗೆ ಬಂದು ಗಾಜಿನ ಪಾತ್ರೆಯಲ್ಲಿ ಮೋಡ ಮಾಡತೊಡಗಿದರು. ಗಾಜನ್ನೂ ಅವರೇ ಊದಿ ಮಾಡಿಕೊಳ್ಳುತ್ತಿದ್ದರು. ಒಡೆದರೆ ಮತ್ತೆ ಮೊದಲಿನಿಂದ. ಪಾತ್ರೆಯಲ್ಲಿ ತೇವದ ಗಾಳಿ ತುಂಬಿ, ತಳವನ್ನು ತಟ್ಟನೆ ಕೆಳಗೆ ಸರಿಸಿದರೆ ಗಾಳಿ ಹಿಗ್ಗಿ ತಣ್ಣಗಾಗಿ ಮಂಜು ಕಟ್ಟುತ್ತದೆ. ವಿಚಿತ್ರವೆಂದರೆ, ಧೂಳನ್ನೆಲ್ಲ ತೆಗೆದ ಮೇಲೂ, ಗಾಳಿಯನ್ನು ಇನ್ನಷ್ಟು ಹಿಗ್ಗಿಸಿದಾಗ ಹನಿ ಕಟ್ಟಿತು. ಈಗ ಆಸರೆ ಯಾವುದು? ವಿದ್ಯುತ್ ತುಂಬಿದ ಗಾಳಿಯ ಚೂರುಗಳು.

ರೇಡಿಯಂನಿಂದ ಸಿಡಿದ ಕಣ ಗಾಳಿಯನ್ನು ಸೀಳಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಇಂಥ ಚೂರುಗಳನ್ನು ಬಿಡುತ್ತದೆ. ಅವುಗಳ ಮೇಲೆ ಹನಿ ಕೂತು ಬಿಳಿ ಗೆರೆ ಏಳುತ್ತದೆ. ಎತ್ತರದ ವಿಮಾನ ಕಾಣದಿದ್ದರೂ ಅದರ ಹಿಂದಿನ ಬಿಳಿ ಪಟ್ಟೆ ಕಾಣುವುದಿಲ್ಲವೇ, ಹಾಗೆ. 1911ರಲ್ಲಿ ವಿಲ್ಸನ್ನರು ಆ ಗೆರೆಗಳನ್ನು ಕಂಡರು, ಫೋಟೋ ಹಿಡಿದರು. ಆಲ್ಫಾ ಕಣದ್ದು ದಪ್ಪ, ನೇರ ಗೆರೆ. ಎಲೆಕ್ಟ್ರಾನಿನದು ನೂಲಿನಂತೆ ತೆಳು. 1927ರಲ್ಲಿ ನೊಬೆಲ್ ಬಹುಮಾನ ಬಂತು.

ಗುರುತನ್ನೇ ಬಿಡದ ಕಣವಿದ್ದರೆ? ನ್ಯೂಟ್ರಿನೋ ಅಂಥದು, ಅದಕ್ಕೆ ವಿದ್ಯುತ್ತಿಲ್ಲ. ಅಪರೂಪಕ್ಕೊಮ್ಮೆ ಕಲ್ಲಿಗೆ ತಾಗಿ ಮ್ಯೂಆನ್ ಎಂಬ ಬೇರೊಂದು ಕಣವನ್ನು ಎಬ್ಬಿಸುತ್ತದೆ. ಅದನ್ನು ಹಿಡಿಯಲು, ಆಕಾಶದಿಂದ ಸುರಿಯುವ ಇತರ ಕಣಗಳ ಗದ್ದಲ ತಲುಪದಷ್ಟು ಆಳ ಬೇಕು. ಅಂಥ ಆಳ ಸಿಕ್ಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 7,600 ಅಡಿ ಕೆಳಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಜ್ಞಾನಿಗಳ ಜೊತೆಗೂಡಿ ಅಲ್ಲಿ ನಿಯಾನ್ ಕೊಳವೆಗಳನ್ನು ಸಾಲಾಗಿ ಜೋಡಿಸಿದರು. ಅಂಗಡಿ ಬೋರ್ಡುಗಳಲ್ಲಿ ಕೆಂಪಗೆ ಉರಿಯುವ ಅನಿಲವೇ ಇದು. ಮ್ಯೂಆನ್ ಹಾದ ಕೊಳವೆಗಳು ಮಿಂಚಿದವು. ಕಣ ಕಲ್ಲಿನೊಳಗಿನಿಂದ ಅಡ್ಡಡ್ಡವಾಗಿ ಬಂದದ್ದು ತಿಳಿಯಿತು. 1965ರಲ್ಲಿ ಕೋಲಾರದಲ್ಲಿಯೂ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿಯೂ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಮೊದಲ ಬಾರಿ ಸಿಕ್ಕಿತು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಆ ಆಳವನ್ನು ಕೊರೆದವರು ವಿಜ್ಞಾನಿಗಳಲ್ಲ. ಬಂಡೆ ಸಿಡಿದು ಸಂಗಾತಿಗಳು ಸತ್ತರೂ ಮರುದಿನ ಮತ್ತೆ ಕೆಳಗಿಳಿದ ಗಣಿ ಕೂಲಿಗಾರರು. 2001ರಲ್ಲಿ ಆ ಗಣಿಯನ್ನು ಮುಚ್ಚಿದರು.

ಪ್ರಶ್ನೆ ಕೇಳಿದ ಮಿತ್ರರು ನಮ್ಮ ಮಾತನ್ನೂ ನಂಬುವುದು ಬೇಡ. ಮುಂದಿನ ಭಾನುವಾರ ಸಂಜೆ ಇದೇ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆ, ಸ್ಪಿರಿಟಿನಲ್ಲಿ ನೆನೆಸಿದ ಬಟ್ಟೆ, ಕೆಳಗೆ ಕರಿಯ ತಗಡು, ಅದರಡಿ ಡ್ರೈ ಐಸ್ ಇಟ್ಟು ಆ ಬಿಳಿ ಗೆರೆಗಳನ್ನು ತೋರಿಸುತ್ತೇವೆ. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬಾರದು. ಬೀಡಿ ಸಿಗರೇಟು ಹೊರಗೇ ಮುಗಿಸಿ ಬನ್ನಿ. ಒಳ್ಳೆಯ ಟಾರ್ಚ್ ಇದ್ದವರು ತರಬೇಕೆಂದು ವಿನಂತಿ.