ಔಷಧದ ರಸೀತಿಯೂ ವರಮಾನ ತೆರಿಗೆಯೂ



ಕನ್ನಡ ಪಂಡಿತರು ಕಾವ್ಯವನ್ನು ಬಿಟ್ಟು ತೆರಿಗೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಂಬಂ ಕಣಿವೆ, ತೇನಿ, ದಿಂಡಿಗಲ್ಲುಗಳಲ್ಲಿರುವ ನಮ್ಮ ಮನೆಗಳ ಸ್ಥಿತಿಯನ್ನು ನೋಡಿರಿ. ವೃದ್ಧರಾದ ತಾಯಿತಂದೆಗಳು ಊರಿನಲ್ಲಿರುವರು. ಮಕ್ಕಳು ಮಧುರೆ, ಕೊಯಮತ್ತೂರು, ಬೆಂಗಳೂರುಗಳಲ್ಲಿ ಸಂಬಳದಾರರಾಗಿರುವರು. ಬೇಸಾಯದ ವರಮಾನಕ್ಕೆ ತೆರಿಗೆಯಿಲ್ಲ; ಆದುದರಿಂದ ದ್ರಾಕ್ಷಿ, ಭತ್ತ ಬೆಳೆದ ತಂದೆಗೆ ಈ ಮಾತು ತಟ್ಟದು. ಅವರ ಔಷಧಕ್ಕೆ ಹಣ ತೆರುವ ಮಗನಿಗೂ ಮಗಳಿಗೂ ತಟ್ಟುತ್ತದೆ.

1961ರ ವರಮಾನ ತೆರಿಗೆ ಶಾಸನದ 80ಡಿ ಕಲಮು ಬಹುಕಾಲ ಆರೋಗ್ಯವಿಮೆಯ ಕಂತಿಗೆ ಮಾತ್ರ ರಿಯಾಯಿತಿ ಕೊಡುತ್ತಿತ್ತು. ವಿಮೆಯಿಲ್ಲದ ವೃದ್ಧರ ಚಿಕಿತ್ಸಾ ವೆಚ್ಚವನ್ನು 2015ರಲ್ಲಿ, 80 ವರ್ಷ ತುಂಬಿದವರ ಪಾಲಿಗೆ 30,000 ರೂಪಾಯಿಯವರೆಗೆ, ಅದರಲ್ಲಿ ಸೇರಿಸಿದರು. 2018ರಲ್ಲಿ ಅದು 60 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಿ, ಮಿತಿಯು 50,000 ಆಯಿತು. ತಾಯಿತಂದೆಗಳು ಮಕ್ಕಳ ಆಶ್ರಯದಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಅತ್ತೆಮಾವಂದಿರ ವೆಚ್ಚ ಮಾತ್ರ ಇದರಲ್ಲಿ ಸೇರದು. ಸೊಸೆ ತನ್ನ ತವರಿನ ಹಿರಿಯರಿಗಾಗಿ ತಾನೇ ತೆತ್ತ ಹಣವನ್ನು ತನ್ನ ಲೆಕ್ಕದಲ್ಲಿ ತೋರಿಸಬಹುದು.

ಇಲ್ಲಿಯೇ ನಮ್ಮವರು ಎಡವುವುದು. ಆಸ್ಪತ್ರೆಯಲ್ಲಿಯೂ ಔಷಧದಂಗಡಿಯಲ್ಲಿಯೂ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಕೊಡುವುದು ನಮ್ಮ ರೂಢಿ. ನಗದಾಗಿ ಕೊಟ್ಟ ಚಿಕಿತ್ಸಾ ವೆಚ್ಚಕ್ಕೆ ಈ ರಿಯಾಯಿತಿ ಇಲ್ಲ. ಮುಂಜಾಗ್ರತೆಯ ದೇಹತಪಾಸಣೆಗೆ ಮಾತ್ರ, 5,000 ರೂಪಾಯಿಯ ಮಿತಿಯೊಳಗೆ, ನಗದು ಸಲ್ಲುತ್ತದೆ. ಆದುದರಿಂದ ಮಗನು ತನ್ನ ಬ್ಯಾಂಕಿನ ಮೂಲಕ ಹಣ ಸಲ್ಲಿಸಲಿ. ರೋಗಿಯ ಹೆಸರು, ತಾರೀಖುಗಳಿರುವ ರಸೀತಿಯನ್ನು ತಾಯಿ ಜೋಪಾನವಾಗಿಡಲಿ.

ಇದು ತೆರಿಗೆಯಲ್ಲಿ ಕಳೆಯುವ ಮೊತ್ತವಲ್ಲ, ವರಮಾನದಲ್ಲಿ ಕಳೆಯುವ ಮೊತ್ತ. ಹಳೆಯ ಪದ್ಧತಿಯಲ್ಲಿ ನೂರಕ್ಕೆ 30ರ ದರಕ್ಕೆ ಸಿಕ್ಕುವವನು 50,000 ತೋರಿಸಿದರೆ, ನೂರಕ್ಕೆ 4ರ ಉಪಕರವೂ ಸೇರಿ 15,600 ರೂಪಾಯಿ ಉಳಿಯುತ್ತದೆ. 2020ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿಯೇ ಇಲ್ಲ. ಆದರೆ 2025-26ನೆಯ ಸಾಲಿನಿಂದ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ತೆರಿಗೆ ಬೀಳದು. ಹೀಗಿರಲು ಅಷ್ಟು ವರಮಾನದೊಳಗಿನವರಿಗೆ ಹಳೆಯ ದಾರಿಯಿಂದ ಲಾಭವಿಲ್ಲ. ಅದಕ್ಕೆ ಮೇಲ್ಪಟ್ಟವರು ಎರಡೂ ಲೆಕ್ಕಗಳನ್ನು ಹಾಕಿ ನೋಡಬೇಕು. ಕಣ್ಣು ಮುಚ್ಚಿ ಒಂದನ್ನು ಹಿಡಿಯುವುದು ಜಾಣತನವಲ್ಲ.

ಮಕ್ಕಳಿಗೆ ಹೊರೆಯಾದೀತೆಂದು ಮಂಡಿನೋವನ್ನೂ ಎದೆನೋವನ್ನೂ ಬಚ್ಚಿಡುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ. ಆ ಹೊರೆಯಲ್ಲಿ ಒಂದಿಷ್ಟನ್ನು ಸರಕಾರವೂ ಇಳಿಸಬಲ್ಲುದೆಂದು ತಿಳಿದರೆ ಅವರ ಸಂಕೋಚ ಸ್ವಲ್ಪ ಕಡಮೆಯಾದೀತು. ಇಂಗ್ಲಿಷಿನ ರಸೀತಿಯನ್ನು ಓದಿ ಕನ್ನಡದಲ್ಲಿ ತಿಳಿಸುವ ಕೆಲಸವನ್ನು ಸಂಘದ ತರುಣರು ವಹಿಸಿಕೊಳ್ಳಲೆಂದು ಬೇಡುತ್ತೇವೆ. ನುಡಿಯ ಸೇವೆಯೆಂದರೆ ಅದೂ ಹೌದು.