ಹಳೆಯ ಗಣಕದ ಮಾತು, ಹೊಸ ಜಾಲದ ದಾರಿ

(ರಾಜಾಜಿನಗರದಲ್ಲಿ ಶಿಕ್ಷಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ನಿಮ್ಮಲ್ಲಿ ಕೆಲವರಿಗೆ ‘ಕ್ಲಾಸ್’ ಯೋಜನೆ ನೆನಪಿರಬಹುದು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ 1984ರಲ್ಲಿ ಆರಂಭಿಸಿದ ಯೋಜನೆಯದು. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳು ಸೇರಿದವು. ಅವುಗಳಿಗೆ ಬಂದದ್ದು ಬ್ರಿಟನ್ನಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೊ. ಅದರ ಸ್ಮರಣಶಕ್ತಿ 32 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲಿನ ಒಂದು ಚಿತ್ರಕ್ಕೂ ಅದು ಸಾಲದು.

ಈ ಗಣಕಗಳನ್ನು ಒಂದಕ್ಕೊಂದು ಜೋಡಿಸಲು ಏಕಾರ್ನ್ ‘ಎಕೋನೆಟ್’ ಎಂಬ ಜಾಲವನ್ನು ರೂಪಿಸಿತ್ತು. ಅದಕ್ಕೆ ಬೇಕಾದ ಬಿಡಿಭಾಗವನ್ನು ಬೇರೆಯಾಗಿ ಕೊಂಡು ಹಾಕಿಸಬೇಕಿತ್ತು. ಒಂದೇ ತಂತಿಗೆ ಇಡೀ ತರಗತಿಯ ಯಂತ್ರಗಳು. ಪ್ರತಿಯೊಂದಕ್ಕೂ 1ರಿಂದ 254ರೊಳಗೆ ಒಂದು ಸಂಖ್ಯೆ. ಮೇಷ್ಟರು ತಮ್ಮ ಜಾಗದಿಂದಲೇ ವಿದ್ಯಾರ್ಥಿಯ ಪರದೆಯನ್ನು ನೋಡಬಹುದಿತ್ತು.

ಈಗ ರಾಜಾಜಿನಗರದ ಮನೆಯಲ್ಲೊಂದು, ಕೆಂಗೇರಿಯಲ್ಲೊಂದು ಇಂಥ ಗಣಕವಿದೆ ಎಂದಿಟ್ಟುಕೊಳ್ಳಿ. ಇವೆರಡನ್ನು ಇಂಟರ್ನೆಟ್ ಮೂಲಕ ಮಾತನಾಡಿಸಲು ಸಾಧ್ಯವೇ? ಸಾಧ್ಯ. ಆದರೆ ತೊಡಕೊಂದಿದೆ.

ಎಕೋನೆಟ್‌ನಲ್ಲಿ ಒಂದು ಸಂದೇಶಕ್ಕೆ ನಾಲ್ಕು ಹೆಜ್ಜೆ. ‘ನಿನಗೊಂದು ಸಂದೇಶವಿದೆ’ ಎಂದು ಒಂದು ಯಂತ್ರ ಕೂಗುತ್ತದೆ. ‘ಸರಿ, ಕೊಡು’ ಎನ್ನುತ್ತದೆ ಮತ್ತೊಂದು. ಸಂದೇಶ ಹೋಗುತ್ತದೆ. ಕೊನೆಗೆ ‘ಬಂತು’ ಎಂಬ ಉತ್ತರ. ನಾಲ್ಕೂ ಮುಗಿಯುವ ತನಕ ಉಳಿದ ಯಂತ್ರಗಳು ತೆಪ್ಪಗಿರಬೇಕು. ಆದ್ದರಿಂದ ಉತ್ತರ ತಕ್ಷಣವೇ ಬರಬೇಕೆಂಬುದು ನಿಯಮ. ಇಂದಿನ ಇಂಟರ್ನೆಟ್ ಎಕೋನೆಟ್‌ಗಿಂತ ನೂರಾರು ಪಟ್ಟು ಹೆಚ್ಚು ಮಾಹಿತಿ ಸಾಗಿಸುತ್ತದೆ, ನಿಜ. ಆದರೂ ಕೆಂಗೇರಿಗೆ ಹೋಗಿ ಬರುವಷ್ಟರಲ್ಲಿ ಕೆಲವು ಮಿಲಿಸೆಕೆಂಡು ಕಳೆದಿರುತ್ತದೆ. ಅಷ್ಟಕ್ಕೇ ಹಳೆಯ ಗಣಕ ‘ಆ ಕಡೆ ಯಾರೂ ಇಲ್ಲ’ ಎಂದು ಕೈಬಿಡುತ್ತದೆ.

ಇದಕ್ಕೆ ಪರಿಹಾರ ನಡುವೆ ಒಬ್ಬ ದುಭಾಷಿ. ತಂತಿಯ ತುದಿಗೊಂದು ಸಣ್ಣ ಹೊಸ ಗಣಕವನ್ನು ಕೂಡಿಸುತ್ತಾರೆ. ‘ಸರಿ, ಕೊಡು’ ಎಂದು ಅದೇ ಒಡನೆ ಉತ್ತರಿಸಿ, ಸಂದೇಶವನ್ನು ಪಡೆದು, ಇಂಟರ್ನೆಟ್ ಪೊಟ್ಟಣದಲ್ಲಿ ಕಟ್ಟಿ ಕಳಿಸುತ್ತದೆ. ಆ ತುದಿಯ ದುಭಾಷಿ ಪೊಟ್ಟಣ ಬಿಚ್ಚಿ ತನ್ನ ತಂತಿಗೆ ಹಾಕುತ್ತದೆ. ಪೊಟ್ಟಣ ದಾರಿಯಲ್ಲಿ ಕಳೆದರೆ ಮತ್ತೆ ಕಳಿಸುವ ಹೊಣೆಯೂ ದುಭಾಷಿಯದೇ. ಹೀಗೆ ಕಟ್ಟುವ ಕ್ರಮವನ್ನು ‘ಎಯುಎನ್’ ಎಂಬ ಹೆಸರಿನಲ್ಲಿ 1990ರ ದಶಕದ ಆರಂಭದಲ್ಲಿ ಏಕಾರ್ನ್ ಸಂಸ್ಥೆಯೇ ರೂಪಿಸಿತ್ತು. ಇಂದಿನ ಹವ್ಯಾಸಿಗಳು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಎಕೋನೆಟ್ ಹುಟ್ಟಿದ್ದು ಪರಸ್ಪರ ಪರಿಚಯವಿದ್ದವರ ಕೊಠಡಿಯಲ್ಲಿ. ಅದರಲ್ಲಿ ಗುಪ್ತಪದವೂ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಒಂದು ಯಂತ್ರ ಇನ್ನೊಂದರ ಸ್ಮರಣೆಯನ್ನೇ ಇಣುಕಬಲ್ಲದು. ತರಗತಿಯಲ್ಲಿ ಅನುಕೂಲವಾಗಿದ್ದ ಗುಣ ಬೀದಿಯಲ್ಲಿ ಅಪಾಯ. ಆದ್ದರಿಂದ ಪೊಟ್ಟಣವನ್ನು ಗೂಢಲಿಪಿಯ ಸುರಂಗದೊಳಗೇ ಕಳಿಸಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ನೀವು ಕೇಳಬಹುದು. ಹಳೆಯ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದರ ರೂಪ ಉಳಿಯುತ್ತದೆ, ನಡವಳಿಕೆ ಉಳಿಯುವುದಿಲ್ಲ. ಗಣಕಗಳು ಒಂದಕ್ಕೊಂದು ಕಾಯುವುದನ್ನು, ಒಪ್ಪುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಇಂದಿನ ಜಾಲದ ಒಳಗುಟ್ಟು ಸುಲಭವಾಗಿ ತಿಳಿಯುತ್ತದೆ. ಇದೆಲ್ಲ ಸಾಧ್ಯವಾದದ್ದು ಎಕೋನೆಟ್‌ನ ನಿಯಮಗಳು ಕೈಪಿಡಿಗಳಲ್ಲಿ ಅಚ್ಚಾಗಿದ್ದುದರಿಂದ. ನಿಯಮ ತಿಳಿಯದಿದ್ದರೆ ದುಭಾಷಿ ಏನು ತಾನೆ ಹೇಳಬಲ್ಲದು?

ನಿಮ್ಮ ಶಾಲೆಯ ಉಗ್ರಾಣದಲ್ಲಿ ಅಂಥ ಗಣಕವಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಅದರ ಜತೆಗಿರುವ ಧೂಳು ಹಿಡಿದ ಕೈಪಿಡಿಯನ್ನಂತೂ ಎಂದಿಗೂ ಹಾಕಬೇಡಿ.